ಮೂಲಮಠದಲ್ಲಿ ಹದಿನೆಂಟನೆಯ ದಿನ

ಹನ್ನೊಂದನೆಯ ಮೆಟ್ಟಿಲಿಗೆ ಬಂದಾಗ ಎಲ್ಲರಿಗಿಂತ ಮುಂದಿದ್ದ ಸಿಸ್ಟರ್ ಬಿಕ್ಕತೊಡಗಿದಳು. ಅವಳ ಹಿಂದಿದ್ದವಳಿಗೂ ಕಣ್ಣು ತುಂಬಿತು. ಸಂತರು ಹತ್ತಿ ಇಳಿದರೆನ್ನುವ ಸವಕಲು ಕಲ್ಲುಮೆಟ್ಟಿಲನ್ನು ಮಂಡಿಯೂರಿ ಹತ್ತುತ್ತಿದ್ದ ಹನ್ನೆರಡು ಸನ್ಯಾಸಿನಿಯರ ಸಾಲಿನಲ್ಲಿ ಅಳು ಆಕಳಿಕೆಯ ಹಾಗೆ ಒಬ್ಬಳಿಂದ ಇನ್ನೊಬ್ಬಳಿಗೆ ಹಬ್ಬಿ, ಕೊನೆಯಲ್ಲಿದ್ದ ಇವಳ ಹತ್ತಿರಕ್ಕೆ ಬಂದು ನಿಂತೇಹೋಯಿತು. ಇವಳಿಗೆ ಬಂದದ್ದು ಮಂಡಿನೋವು ಒಂದೇ. ಮುಂದಿದ್ದವಳು ಪಾಪ ಎಂದು ತನ್ನ ಕರವಸ್ತ್ರ ಚಾಚಿದಳು. ಬೇಡವೆಂದರೆ ಚೆನ್ನಾಗಿರುವುದಿಲ್ಲವೆಂದು ಇವಳು ಒಣಗಿದ ಕಣ್ಣನ್ನೇ ಒರೆಸಿಕೊಂಡು ವಾಪಸು ಕೊಟ್ಟಳು.

ಸಂತ ಬೆನೆಡಿಕ್ಟರ ನಿಯಮದಂತೆ ಬದುಕುವ ಮಠಗಳಿಂದ ಒಬ್ಬೊಬ್ಬರನ್ನು ಆರಿಸಿ, ಮೂರು ವಾರ ಮೂಲಮಠಕ್ಕೆ ಕಳಿಸುವ ಅಧ್ಯಯನಯಾತ್ರೆ ಅದು. ಬೆಳಿಗ್ಗೆ ಪಾಠ, ಮಧ್ಯಾಹ್ನ ಹಳೆಯ ಜಾಗಗಳ ದರ್ಶನ, ಮಧ್ಯೆ ಮಧ್ಯೆ ದಿನದ ಏಳು ಪ್ರಾರ್ಥನೆ. ದೇವರ ಕರೆ ಹಳತಾಗಿ ತುಕ್ಕು ಹಿಡಿದವರಿಗೆ ಅದನ್ನು ತಿಕ್ಕಿ ತೊಳೆದು ಹೊಸದು ಮಾಡಿಕೊಡುವುದು ಉದ್ದೇಶ. ಪಾಠ ಹೇಳುವ ಪಾದ್ರಿಗಳು ನಿಯಮದ ಒಂದೊಂದು ಸಾಲಿಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದುದರಿಂದ ಸಿಸ್ಟರ್‌ಗಳು ಅವರಿಗೆ 'ಅರ್ಧವಿರಾಮದ ಫಾದರ್' ಎಂದು ಹೆಸರಿಟ್ಟಿದ್ದರು. ಪಾಪ, ಒಳ್ಳೆಯ ಮನುಷ್ಯ. ಅವರು ಹೇಳಿದ್ದನ್ನೆಲ್ಲ ಇವಳು ಎರಡು ನೋಟ್‌ಪುಸ್ತಕಗಳಲ್ಲಿ ತುಂಬಿಸಿಕೊಂಡಿದ್ದಳು. ತುಂಬಿದ್ದು ಪುಸ್ತಕ ಮಾತ್ರ.

ಆರು ವರ್ಷಗಳಿಂದ ಅವಳಿಗೆ ಪ್ರಾರ್ಥನೆಯಲ್ಲಿ ಏನೂ ಇರಲಿಲ್ಲ. ಬಾಯಿ ಹೇಳುತ್ತಿತ್ತು, ಮೈ ಬಾಗುತ್ತಿತ್ತು, ಆ ಕಡೆ ಯಾರೂ ಇದ್ದಂತೆ ಅನಿಸುತ್ತಿರಲಿಲ್ಲ. ಇದನ್ನು ಅವಳು ಯಾರೊಬ್ಬರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ? ತನ್ನ ಮಠದಲ್ಲಿ ಹೊಸದಾಗಿ ಬಂದ ಹುಡುಗಿಯರನ್ನು ತಿದ್ದಿ ತೀಡಿ ಸನ್ಯಾಸಕ್ಕೆ ಅಣಿಮಾಡುವ ತರಬೇತಿ ಸಿಸ್ಟರ್ ಅವಳೇ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಜನ ಒಪ್ಪುತ್ತಾರೆ. ಇಲ್ಲಿ ದೀಪವೇ ಇರಲಿಲ್ಲ.

ಈ ಯಾತ್ರೆಯಲ್ಲಾದರೂ ಏನಾದರೂ ಆಗಬಹುದೆಂದು ಆಸೆಯಿಟ್ಟುಕೊಂಡು ಬಂದಿದ್ದಳು. ಹದಿನೇಳು ದಿನ ಕಲ್ಲಿನ ಮೇಲೆ ನೀರು ಹುಯ್ದಂತೆ ಕಳೆದವು. ಅಷ್ಟರಲ್ಲಿ ಹಿಂದಿನ ದಿನ ಅವಳ ಮಠದ ಮದರ್ ಫೋನ್ ಮಾಡಿದ್ದರು.

"ನಿನ್ನ ಹತ್ರ ಕಲೀತಿರೋ ಹುಡುಗಿ ವಿಷಯ ನಾಡಿದ್ದು ಬೆಳಿಗ್ಗೆ ಪೂಜೆ ಮುಗಿದ ಕೂಡಲೇ ಮತಕ್ಕೆ ಹಾಕ್ತೀವಿ. ನೀನು ಬರೋವರೆಗೂ ಕಾಯೋಕಾಗಲ್ಲ, ಬಿಷಪ್ಪರು ತಾರೀಖು ಹಿಂದಕ್ಕೆ ತಂದುಬಿಟ್ಟಿದಾರೆ. ಅವಳಿಗೆ ಕೊನೇ ವ್ರತ ಕೊಡ್ಬಹುದಾ, ಬೇಡ್ವಾ? ನಾಳೆ ಸಂಜೆ ಪ್ರಾರ್ಥನೆಯೊಳಗೆ ನಿನ್ನ ಮಾತು ತಿಳಿಸು. ಏನೂ ಹೇಳ್ಲಿಲ್ಲ ಅಂದ್ರೆ ಆಕ್ಷೇಪ ಇಲ್ಲ ಅಂತಲೇ ಬರ್ಕೊಳ್ತೀವಿ."

ಕೊನೆಯ ವ್ರತವೆಂದರೆ ಸಾಯುವವರೆಗೆ. ಆ ಹುಡುಗಿಗೆ ಇಪ್ಪತ್ತಾರು ವರ್ಷ. ಐದು ವರ್ಷಗಳಿಂದ ಇವಳ ಕೈಕೆಳಗೆ ಇದ್ದವಳು, ಚುರುಕು, ನಗುಮುಖದವಳು. ಹೂಂ ಎನ್ನಲು ಕಷ್ಟವೇನೂ ಇರಲಿಲ್ಲ. ಆದರೆ ತಾನು ಬಿದ್ದ ಬಾವಿಗೆ ಅವಳನ್ನೂ ಕೈಯಾರೆ ತಳ್ಳಿದಂತಾಗುತ್ತದಲ್ಲ ಎಂದು ಇವಳು ಇನ್ನೂ ಏನೂ ತಿಳಿಸಿರಲಿಲ್ಲ.

ಮೆಟ್ಟಿಲು ಇಳಿದವಳೇ ಅವಳು ಇಸ್ತ್ರಿಕೋಣೆಗೆ ಹೋದಳು. ಅಲ್ಲಿ ದೊಡ್ಡಮ್ಮ ಇದ್ದಳು. ಇಪ್ಪತ್ತೇಳು ವರ್ಷಗಳ ಹಿಂದೆ ಮಠ ಸೇರಿದ ಇವಳನ್ನು ತಿದ್ದಿ ವ್ರತ ಕೊಡಿಸಿದವಳು, ಆಮೇಲೆ ವಯಸ್ಸಾಯಿತೆಂದು ಮೂಲಮಠಕ್ಕೆ ಹಿಂದಿರುಗಿದವಳು. ಕಿರಿಯರಿಗೆಲ್ಲ ದೊಡ್ಡಮ್ಮನೇ. ಎಂಬತ್ತಮೂರರಲ್ಲೂ ಪೂಜಾಪೀಠದ ಬಟ್ಟೆಗಳಿಗೆ ಇನ್ನೊಬ್ಬರ ಕೈ ತಾಗಗೊಡುತ್ತಿರಲಿಲ್ಲ. ಬೆರಳ ತುದಿಯಿಂದ ನೀರು ಚಿಮುಕಿಸಿ, ಕಸೂತಿಯ ಶಿಲುಬೆಯ ಮೇಲೆ ಮಡಿಕೆ ಬೀಳದಂತೆ ಬಟ್ಟೆಯನ್ನು ಮೂರು ಭಾಗವಾಗಿ ಮಡಚುತ್ತಿದ್ದಳು.

"ದೊಡ್ಡಮ್ಮ, ಒಂದು ಮಾತು ಕೇಳ್ಬೇಕಿತ್ತು."

"ಹದಿನೇಳು ದಿನದಿಂದ ಈ ಬಾಗಿಲ ಮುಂದೆ ಸುತ್ತುತಾ ಇದೀಯಲ್ಲ, ಕೇಳು. ಮೊದಲು ಆ ತುದಿ ಹಿಡ್ಕೋ."

ಇವಳು ಬಟ್ಟೆಯ ತುದಿ ಹಿಡಿದಳು. ಉದ್ದನೆಯ ಬಿಳಿ ಬಟ್ಟೆ ಇಬ್ಬರ ನಡುವೆ ಬಿಗಿಯಾಯಿತು.

"ಪ್ರಾರ್ಥನೇಲಿ ನನಗೆ ಏನೂ ಇಲ್ಲ. ಆರು ವರ್ಷ ಆಯ್ತು."

ದೊಡ್ಡಮ್ಮ ಹುಬ್ಬು ಕೂಡ ಏರಿಸಲಿಲ್ಲ. "ಆರೇನಾ?" ಎಂದಳು. "ನನಗೆ ಮೂವತ್ತೆರಡನೇ ವಯಸ್ಸಲ್ಲಿ ಹೋಯ್ತು. ಮತ್ತೆ ಈ ಕಡೆ ತಲೆ ಹಾಕಿಲ್ಲ."

ಇವಳು ಮನಸ್ಸಿನಲ್ಲೇ ಕೂಡಿ ಕಳೆದಳು. ತಾನು ಮಠಕ್ಕೆ ಬಂದಾಗ ದೊಡ್ಡಮ್ಮನಿಗೆ ಐವತ್ತಾರು.

"ಹಾಗಾದ್ರೆ ನನಗೆ ಕಲಿಸ್ತಿದ್ದಾಗ..."

"ಆಗಲೂ ಇರ್ಲಿಲ್ಲ."

"ನಿಮ್ಮ ಮುಖದಲ್ಲಿ ಒಂದು ಬೆಳಕಿತ್ತು ದೊಡ್ಡಮ್ಮ. ಪ್ರಾರ್ಥನೆ ಮುಗಿಸ್ಕೊಂಡು ಬರುವಾಗ ಕೆಂಪಗೆ ಹೊಳೀತಿದ್ರಿ. ಅದನ್ನ ನೋಡಿಯೇ ನಾನು ಉಳ್ಕೊಂಡಿದ್ದು."

"ಬಿಪಿ ಇತ್ತು ಕಣೇ," ಎಂದಳು ದೊಡ್ಡಮ್ಮ. "ಡಾಕ್ಟರು ಮಾತ್ರೆ ಕೊಟ್ಟ ಮೇಲೆ ಕಮ್ಮಿಯಾಯ್ತು."

ಬೇರೆ ಯಾವ ದಿನವಾದರೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೇನೋ. ಇವಳು ಹಿಡಿದಿದ್ದ ತುದಿಯನ್ನು ಮೇಜಿನ ಮೇಲೆ ಬಿಟ್ಟಳು. ಮನೆಯವರನ್ನು ಬಿಟ್ಟದ್ದು, ಅಪ್ಪ ಸತ್ತಾಗ ಹೋಗದೇ ಇದ್ದದ್ದು, ತಂಗಿಯ ಮಕ್ಕಳು ಇವಳನ್ನು ಫೋಟೋದಲ್ಲಷ್ಟೇ ನೋಡಿ ಬೆಳೆದದ್ದು, ಎಲ್ಲ ಆ ಕೆಂಪು ಮುಖವನ್ನು ನಂಬಿ.

"ಯಾಕೆ ಹೇಳ್ಲಿಲ್ಲ ನೀವು?"

ದೊಡ್ಡಮ್ಮ ಆ ತುದಿಯನ್ನೂ ತಾನೇ ಎಳೆದುಕೊಂಡು ಮಡಚಿದಳು. "ಹೇಳಿದ್ರೆ ನೀನು ಎದ್ದು ಹೋಗ್ತಿದ್ದೆ. ಆಗ ಮಠದಲ್ಲಿ ಹಾಡೋಕೆ ಎದುರುಬದುರು ನಿಲ್ಲೋ ಒಂದೊಂದು ಸಾಲಿಗೆ ಮೂರೇ ಜನ ಉಳಿದಿದ್ರು. ನೀನೊಬ್ಬಳು ಬೇಕಾಗಿತ್ತು. ಮತ್ತೆ... ನಿನಗಾದ್ರೂ ಉಳಿಯತ್ತೆ ಅಂದ್ಕೊಂಡೆ. ನಿಜವಾಗ್ಲೂ ಅಂದ್ಕೊಂಡೆ ಮಗಳೇ."

"ಈಗ ನನ್ನ ಹತ್ರಾನೂ ಒಬ್ಬಳು ಹುಡುಗಿ ಇದಾಳೆ. ನಾಳೆ ಬೆಳಿಗ್ಗೆ ಅವಳ ಕೊನೇ ವ್ರತಕ್ಕೆ ಮತ."

"ಅವಳಿಗೆ ಹೇಳಿಬಿಡು," ಎಂದಳು ದೊಡ್ಡಮ್ಮ. "ನಾನು ಮಾಡಿದ್ದನ್ನ ನೀನು ಮಾಡ್ಬೇಡ."

ಯಾತ್ರೆಗೆ ಬಂದವರ ಮೊಬೈಲುಗಳನ್ನೆಲ್ಲ ಮೊದಲ ದಿನವೇ ಆಫೀಸಿನಲ್ಲಿ ಇಟ್ಟುಕೊಂಡಿದ್ದರು. ಮಾತಾಡಬೇಕೆಂದರೆ ಪಡಸಾಲೆಯ ಗೋಡೆಯ ಫೋನೇ ಗತಿ. ಆರು ಗಂಟೆಯ ಸಂಜೆ ಪ್ರಾರ್ಥನೆಗೆ ಐದು ನಿಮಿಷವಿತ್ತು. ಇವಳು ನಂಬರು ಒತ್ತಿದಳು. ಮದರ್ ಎತ್ತಿಕೊಳ್ಳಬಹುದೆಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಆ ಕಡೆಯಿಂದ ಬಂದದ್ದು ಹುಡುಗಿಯ ದನಿಯೇ. ಆ ವಾರ ಬಾಗಿಲು ಮತ್ತು ಫೋನು ನೋಡಿಕೊಳ್ಳುವ ಸರದಿ ಅವಳದು.

"ಸಿಸ್ಟರ್! ಹೇಗಿದೀರಾ? ಊಟ ಸೇರ್ತಾ ಇದೆಯಾ? ಇಲ್ಲಿ ನಿಮ್ಮ ಗಿಡಕ್ಕೆಲ್ಲ ನಾನೇ ನೀರು ಹಾಕ್ತಿದೀನಿ. ಇರಿ, ಮದರ್‌ನ ಕರೀತೀನಿ."

"ಬೇಡ. ಮೊದಲು ನಿನ್ನ ಹತ್ರ ಮಾತಾಡ್ಬೇಕು. ಕೂತ್ಕೋ."

"ಕೂತೇ ಇದೀನಿ. ಮೂಲಮಠ ಹೇಗಿದೆ? ನಿಮಗೇನನ್ನಿಸ್ತು ಅಲ್ಲಿ?"

"ಏನೂ ಅನ್ನಿಸಲಿಲ್ಲ," ಎಂದಳು ಇವಳು. ಒಂದು ಸಲ ಬಾಯಿಗೆ ಬಂದ ಮೇಲೆ ಉಳಿದದ್ದು ತಾನಾಗಿ ಬಂತು. "ಇಲ್ಲೂ ಅನ್ನಿಸಲಿಲ್ಲ, ಅಲ್ಲೂ ಅನ್ನಿಸ್ತಿರ್ಲಿಲ್ಲ. ಈ ಐದು ವರ್ಷ ನಿನ್ನ ಮುಂದೆ ಕೂತು ಪ್ರಾರ್ಥನೆ ಬಗ್ಗೆ ಹೇಳಿದ್ದೆಲ್ಲ ಬಾಯಿಪಾಠ. ಒಳಗೆ ಏನೂ ಇಲ್ಲ ಕಣೇ. ನಿನಗೆ ಕೊನೇ ವ್ರತ ಕೊಡ್ಬಹುದಾ ಅಂತ ನನ್ನನ್ನ ಕೇಳ್ತಿದಾರೆ. ಅದನ್ನ ಹೇಳೋಕೆ ನಾನು ತಕ್ಕವಳಲ್ಲ."

ಹುಡುಗಿ ಅಳುತ್ತಾಳೆಂದು, ಇಲ್ಲವೇ ಕೋಪಿಸಿಕೊಳ್ಳುತ್ತಾಳೆಂದು ಇವಳು ಕಾದಳು. ಎರಡಕ್ಕೂ ಸಿದ್ಧಳಾಗಿಯೇ ಇದ್ದಳು.

"ನನಗೆ ಯಾವತ್ತೂ ಇರ್ಲಿಲ್ಲ ಸಿಸ್ಟರ್," ಎಂದಳು ಹುಡುಗಿ ಮೆಲ್ಲಗೆ.

"ಏನಂದೆ?"

"ಒಂದು ದಿನಾನೂ. ಐದು ವರ್ಷದಲ್ಲಿ ಒಂದು ದಿನಾನೂ ಏನೂ ಅನ್ನಿಸಿಲ್ಲ. ನಿಮಗಿದೆಯಲ್ಲ, ನಿಮ್ಮ ಪಕ್ಕ ನಿಂತ್ಕೊಂಡಿದ್ರೆ ಯಾವತ್ತಾದ್ರೂ ನನಗೂ ಬರತ್ತೆ ಅಂದ್ಕೊಂಡಿದ್ದೆ."

ಕುರುಡಿಯ ಕೈ ಹಿಡಿದು ಕುರುಡಿ, ಅವಳ ಕೈ ಹಿಡಿದು ಇನ್ನೊಬ್ಬಳು. ಮುಂದೆ ಇದ್ದವಳಿಗೆ ಕಾಣುತ್ತದೆಂದು ಎಲ್ಲರೂ ನಿಶ್ಚಿಂತೆಯಿಂದ ನಡೆದಿದ್ದರು.

"ಈಗ ನಾನೇನು ಮಾಡ್ಲಿ?" ಹುಡುಗಿಯ ದನಿ ಈಗ ಒಡೆದಿತ್ತು. "ಉಳೀಲಾ, ಮನೆಗೆ ಹೋಗ್ಲಾ? ಮದರ್‌ಗೆ ನಾನಾಗಿ ಹೇಳೋ ಧೈರ್ಯ ನನಗಿಲ್ಲ. ನೀವು ಹೇಗೆ ಹೇಳ್ತೀರೋ ಹಾಗೆ. ಹೇಳಿ ಸಿಸ್ಟರ್."

ಹೋಗು ಎನ್ನಬೇಕಿತ್ತು. ಎರಡೇ ಅಕ್ಷರ. ನಾಲಗೆಯ ತುದಿಗೆ ಬಂದೂ ಇತ್ತು.

ಪ್ರಾರ್ಥನೆಯ ಗಂಟೆ ಬಾರಿಸಿತು.

ಗಂಟೆ ಕೇಳಿದ ಕೂಡಲೇ ಕೈಯಲ್ಲಿದ್ದ ಕೆಲಸವನ್ನು ಇದ್ದ ಹಾಗೇ ಬಿಡಬೇಕೆಂಬುದು ಆ ಮಠಗಳ ಪದ್ಧತಿ. ಬರೆಯುವವಳು ಅಕ್ಷರಕ್ಕೆ ಕೊಂಬು ಕೊಡದೆ ಏಳುತ್ತಾಳೆ. ಹೊಲಿಯುವವಳು ಸೂಜಿಯನ್ನು ಅರ್ಧಕ್ಕೇ ಬಿಡುತ್ತಾಳೆ. ಮಾತಾಡುವವಳು ಮಾತನ್ನೂ ಅಷ್ಟೇ. ಇಪ್ಪತ್ತೇಳು ವರ್ಷ ದಿನಕ್ಕೆ ಏಳು ಸಲ ಹಾಗೆ ಮಾಡಿ ಮಾಡಿ ಅದು ರಕ್ತದಲ್ಲಿ ಇಳಿದುಹೋಗಿರುತ್ತದೆ. ಇವಳ ಕೈ ಇವಳನ್ನು ಒಂದು ಮಾತೂ ಕೇಳದೆ ರಿಸೀವರನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿತು. ಕಾಲು ಪ್ರಾರ್ಥನಾಮಂದಿರದ ಕಡೆಗೆ ನಾಲ್ಕು ಹೆಜ್ಜೆ ಇಟ್ಟೂ ಆಗಿತ್ತು.

ಏನು ಮಾಡಿದೆನೆಂದು ಗೊತ್ತಾದಾಗ ಅವಳು ಅಲ್ಲೇ ನಿಂತಳು. ಇಬ್ಬಿಬ್ಬರಾಗಿ ಸಾಲುಗಟ್ಟಿ ಹೋಗುತ್ತಿದ್ದ ಸಿಸ್ಟರ್‌ಗಳು ತಲೆ ತಗ್ಗಿಸಿಕೊಂಡು ಅವಳನ್ನು ದಾಟಿ ಒಳಗೆ ಹೋದರು. ಓಡಿಬಂದು ಮತ್ತೆ ಫೋನು ಎತ್ತಿ ನಂಬರು ಒತ್ತಿದಳು. ಬೆರಳು ತಪ್ಪಿತು, ಇನ್ನೊಮ್ಮೆ ಒತ್ತಿದಳು. ಆ ಕಡೆ ರಿಂಗಾಗತೊಡಗಿತು.

ಅಲ್ಲಿಯೂ ಆರಕ್ಕೇ ಗಂಟೆ. ಅದಾದ ಮೇಲೆ ಬೆಳಗಿನ ಪೂಜೆ ಮುಗಿಯುವವರೆಗೆ ಮಠದಲ್ಲಿ ಮೌನ, ಮುಗಿದ ಕೂಡಲೇ ಮತ, ಇವಳ ಮಾತು ಬಾರದಿದ್ದರೆ ಆಕ್ಷೇಪವಿಲ್ಲವೆಂದೇ ಲೆಕ್ಕ. ಗಂಟೆ ಬಾರಿಸಿದ ಮೇಲೆ ಫೋನು ಹೊಡೆದುಕೊಂಡು ಸತ್ತರೂ ಮುಟ್ಟಬಾರದೆಂದು ಆ ಹುಡುಗಿಗೆ ಕಲಿಸಿದವಳು ಇವಳೇ. ಮೊದಲ ವರ್ಷ ಒಂದು ಸಲ ಮುಟ್ಟಿದ್ದಕ್ಕೆ ಎಲ್ಲರ ಮುಂದೆ ಮಂಡಿಯೂರಿಸಿದ್ದಳು. ಅಂದಿನಿಂದ ಹುಡುಗಿ ಒಮ್ಮೆಯೂ ತಪ್ಪಿರಲಿಲ್ಲ.

"ಎತ್ತೇ," ಎಂದಳು ಇವಳು ಬಾಯಿಬಿಟ್ಟು. "ಎತ್ತೇ ನನ್ನಮ್ಮ."

ಪಡಸಾಲೆ ಖಾಲಿಯಾಯಿತು. ಮಂದಿರದ ಬಾಗಿಲು ಮುಚ್ಚಿಕೊಂಡಿತು. ಒಳಗೆ ಕೀರ್ತನೆ ಶುರುವಾಯಿತು, ಒಂದು ಸಾಲು ಈ ಕಡೆಯವರು, ಒಂದು ಸಾಲು ಆ ಕಡೆಯವರು. ಅವಳು ರಿಸೀವರನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು ಗೋಡೆಗೆ ಹಣೆ ಕೊಟ್ಟು ನಿಂತಿದ್ದಳು. ಫೋನು ರಿಂಗಾಗುತ್ತಲೇ ಇತ್ತು. ಅವಳ ತುಟಿಗಳು ಒಳಗಿನವರ ಜೊತೆಗೆ, ಸರಿಯಾದ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತ, ಒಂದೊಂದೇ ಸಾಲನ್ನು ಹೇಳುತ್ತಿದ್ದವು.