ಎಲ್ಲರೂ ಇಳಿಸಿದ್ದಾರೆ

"ಲಾರಿ ಬಾಗಿಲಲ್ಲೇ ನಿಂತಿದೆ, ಡ್ರೈವರ್ ಗೊಣಗ್ತಿದಾನೆ. ಬೇರೆ ಅಂಗಡಿಯೋರು ಏನ್ ಮಾಡಿದಾರೆ, ಅಷ್ಟು ಹೇಳು ಸಾಕು," ಎಂದರು ಭಾವ ಫೋನಿನಲ್ಲಿ.

ಅವಳ ಎದುರಿಗೇ ಮೇಲಧಿಕಾರಿ ಕೂತಿದ್ದರು, ಅವರಿಗೋ ಮೈಯೆಲ್ಲ ಕಿವಿ. ವಾರವಾರ ಅಂಗಡಿ ಅಂಗಡಿ ಅಲೆದು ಸೋಲಾರ್ ಇನ್ವರ್ಟರುಗಳ ಚಿಲ್ಲರೆ ಬೆಲೆ ಏರಿತೇ, ಬಿತ್ತೇ ಎಂದು ದಾಖಲಿಸುವುದು ಅವಳ ಕೆಲಸ. ಒಂದು ಅಂಗಡಿಯ ದರ ಇನ್ನೊಂದಕ್ಕೆ ತಿಳಿಯಕೂಡದು ಎಂಬುದು ಆ ಕೆಲಸದ ಮೊದಲ ಕಟ್ಟಳೆ. ಸೇರಿದಂದಿನಿಂದ ಅಕ್ಕನೆದುರೂ ಅವಳು ತುಟಿ ಪಿಟಕ್ಕೆಂದವಳಲ್ಲ.

ಆದರೆ ಕೇಳುತ್ತಿರುವವರು ಭಾವ. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದ್ದೇ ಆ ಇನ್ವರ್ಟರ್ ಅಂಗಡಿ. ಹೋದ ವರ್ಷ ಬೆಲೆ ಕುಸಿದಾಗ ಭಾವ ಚೆನ್ನಾಗಿಯೇ ಕೈ ಸುಟ್ಟುಕೊಂಡಿದ್ದರು. ಇನ್ನೊಂದು ಪೆಟ್ಟು ಬಿದ್ದರೆ ಬಾಗಿಲು ಹಾಕುವುದೇ ಗತಿ ಎಂದು ಅಕ್ಕ ಅತ್ತಿದ್ದಳು. ಲಾರಿಯಿಂದ ಒಮ್ಮೆ ಕೆಳಗೆ ಬಂದ ಮಾಲನ್ನು ಕಂಪನಿ ಹಿಂದಕ್ಕೆ ಪಡೆಯುವುದಿಲ್ಲ. ಅವಳೋ ಬೆಳಗ್ಗೆ ತಾನೇ ಕಣ್ಣಾರೆ ಕಂಡು ಬಂದಿದ್ದಳು: ಪೇಟೆಯ ಉದ್ದಕ್ಕೂ ಹಳೆಯ ದರದ ಚೀಟಿ ಕಿತ್ತು, ಎಷ್ಟೋ ಕಡಿಮೆ ದರದ ಹೊಸ ಚೀಟಿ ಅಂಟಿಸಿದ್ದರು.

ಮೇಲಧಿಕಾರಿ ತಲೆಯೆತ್ತಿದರು. ಅವಳು ಬಾಯಿಗೆ ಅಂಗೈ ಅಡ್ಡ ಹಿಡಿದು, "ಎಲ್ರೂ ಇಳಿಸಿದಾರೆ, ಭಾವ," ಎಂದು ಪಿಸುಗುಟ್ಟಿ ಫೋನು ಇಟ್ಟುಬಿಟ್ಟಳು.

ಸಂಜೆಯವರೆಗೂ ಅವಳ ಕಣ್ಣು ಮೇಲಧಿಕಾರಿಯ ಮೇಜಿನ ಕಡೆಗೇ ಹೋಗುತ್ತಿತ್ತು. ಕೆಲಸ ಹೋದರೂ ಹೋಗಲಿ, ಅಕ್ಕನ ಸಂಸಾರ ಬೀದಿಗೆ ಬೀಳಲಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಸ್ಕೂಟರಿನಲ್ಲಿ ನೇರ ಭಾವನ ಅಂಗಡಿಗೆ ಬಂದರೆ ಲಾರಿ ಇರಲಿಲ್ಲ. ಸದ್ಯ, ಕಳಿಸಿಬಿಟ್ಟಿದ್ದಾರೆ ಎಂದು ಉಸಿರು ಬಿಡುವಷ್ಟರಲ್ಲಿ ಒಳಗೆ ಕಣ್ಣು ಹೋಯಿತು. ನೆಲದಿಂದ ಸೂರಿನವರೆಗೆ ಹೊಸ ಪೆಟ್ಟಿಗೆಗಳು. ಜಾಗ ಸಾಲದೆ ಕೆಲವು ಮೆಟ್ಟಿಲ ಮೇಲೂ ಕೂತಿದ್ದವು.

ಭಾವ ಬೆವರೊರೆಸಿಕೊಳ್ಳುತ್ತ ಹೊರಗೆ ಬಂದರು. ಅವರ ಮುಖ ಅಷ್ಟು ಅರಳಿದ್ದನ್ನು ಅವಳು ನೋಡಿ ವರ್ಷವಾಗಿತ್ತು.

"ನಿನ್ನ ಒಂದು ಮಾತು ಸಾಕಾಯ್ತು ನೋಡು. ಅವರೆಲ್ಲ ಮಾಲು ಇಳಿಸಿದಾರೆ ಅಂದ್ಮೇಲೆ ನಾನೊಬ್ಬ ಯಾಕೆ ಹೆದರ್ಕೊಂಡು ಕೂರ್ಲಿ? ಒಂದೂ ಬಿಡದೆ ಇಳಿಸ್ಕೊಂಡೆ."

ಮಾಲಲ್ಲ ಭಾವ, ಬೆಲೆ. ಅಷ್ಟೇ ಮಾತು. ಫೋನಿನಲ್ಲಿ ಆ ಒಂದು ಪದ ಸೇರಿಸಿದ್ದರೆ ಸಾಕಿತ್ತು. ಒಳಗೆ ಅಕ್ಕ ಏನೋ ಗುನುಗುತ್ತ ಪೆಟ್ಟಿಗೆಗಳ ಧೂಳು ಒರೆಸಿ, ಒಂದೊಂದಕ್ಕೂ ಹಳೆಯ ದರದ ಚೀಟಿ ಅಂಟಿಸುತ್ತಿದ್ದಳು. ತಂಗಿಯನ್ನು ಕಂಡು ನಕ್ಕಳು.

"ಯಾಕೆ ಗಾಡಿ ಮೇಲೇ ಕೂತ್ಬಿಟ್ಟೆ? ಇಳಿ."

ಅವಳ ಕೈ ಸ್ಕೂಟರಿನ ಹಿಡಿಯನ್ನು ಬಿಡಲಿಲ್ಲ.