ನಮ್ಮ ಮನೆಯಲ್ಲಿ ನಿರುದ್ಯೋಗಿಗಳಿಲ್ಲ

ಊರಿಗೆಲ್ಲ ಕೆಲಸ ಸಿಗಲಿ ಎಂದು ಹಾರೈಸಬೇಕಾದ ವಯಸ್ಸಿನಲ್ಲಿ ನಾನು ಯಾರಿಗೂ ಸಿಗದಿರಲಿ ಎಂದು ಹಾರೈಸುತ್ತಾ ಮನೆಮನೆ ಅಲೆಯುತ್ತಿದ್ದೆ. ನನ್ನದು ನಿರುದ್ಯೋಗ ಸಮೀಕ್ಷೆಯ ಗುತ್ತಿಗೆ ಕೆಲಸ. ನಗರದಲ್ಲಿ ಕೆಲಸವಿಲ್ಲದವರು ಹೆಚ್ಚುತ್ತಿದ್ದಾರೋ ಕಡಿಮೆಯಾಗುತ್ತಿದ್ದಾರೋ ಎಂದು ಕೇಳಿ ಬರೆದುಕೊಳ್ಳುವುದು. ಮೇಲ್ವಿಚಾರಕರು ಮೊದಲೇ ಹೇಳಿದ್ದರು: "ಈ ಸಲ ಸಂಖ್ಯೆ ಇಳಿದ್ರೆ ಮುಂದಿನ ಸುತ್ತು ನಿಮ್ಮ ಭಾಗದಲ್ಲಿ ಇರಲ್ಲಮ್ಮ. ಬೇರೆ ಏನಾದ್ರೂ ನೋಡ್ಕೋಬೇಕಾಗುತ್ತೆ." ಅಂದರೆ ಊರು ಉದ್ಧಾರವಾದರೆ ನಾನು ಬೀದಿಗೆ.

ಹಾಗಾಗಿ ಬೆಳಗಿನ ಹನ್ನೊಂದು ಗಂಟೆಗೆ ಗಟ್ಟಿಮುಟ್ಟಾದ ಗಂಡಸೊಬ್ಬ ಬನಿಯನ್‌ನಲ್ಲಿ ಬಂದು ಬಾಗಿಲು ತೆಗೆದರೆ ನನಗೆ ಒಳಗೊಳಗೇ ಖುಷಿ. ಆದರೆ ಬಾಯಿಬಿಟ್ಟು ಕೆಲಸ ಇಲ್ಲ ಅನ್ನುವವರು ಸಿಗಬೇಕಲ್ಲ. ಒಬ್ಬರದು ಸ್ವಂತ ಬಿಸಿನೆಸ್, ಇನ್ನೂ ಶುರುವಾಗಿಲ್ಲ ಅಷ್ಟೆ. ಇನ್ನೊಬ್ಬರದು ಒಂದೆರಡು ಕಡೆ ಮಾತುಕತೆ ನಡೆಯುತ್ತಿದೆ. ಅದರ ಮೇಲೆ ಸಮೀಕ್ಷೆಯ ನಿಯಮ ಬೇರೆ: ಹೋದ ವಾರ ದುಡ್ಡಿಗಾಗಿ ಒಂದೇ ಒಂದು ಗಂಟೆ ಮೈ ಬಗ್ಗಿಸಿದ್ದರೂ ಆತ ಉದ್ಯೋಗಸ್ಥ. ಆ ಲೆಕ್ಕದಲ್ಲಿ ನಿರುದ್ಯೋಗಿ ಆಗುವುದಕ್ಕೂ ಯೋಗ ಬೇಕು.

ಪುಣ್ಯಕ್ಕೆ, ಆರಿಸಿದ ಮನೆಗಳಲ್ಲಿ ನಮ್ಮದೂ ಬಂತು. ನಮ್ಮನೆಯವರು ಬಾಟಲಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು; ಕಾರ್ಖಾನೆ ಬಾಗಿಲು ಹಾಕಿ ಒಂದು ಮಳೆಗಾಲ ಕಳೆದಿತ್ತು. ಪಕ್ಕಾ ನಿರುದ್ಯೋಗಿ, ಮನೆಯಲ್ಲೇ ಇದ್ದಾರೆ. ಸ್ವಂತ ಮನೆಯನ್ನು ನಾನೇ ಎಣಿಸುವಂತಿಲ್ಲವಾದ್ದರಿಂದ ಜೊತೆ ಕೆಲಸದ ಹುಡುಗಿ ಬರುವುದಾಯಿತು. ಅವಳನ್ನು ಆಫೀಸಿನಲ್ಲಿ 'ಗಡಿಬಿಡಿ' ಎಂದೇ ಕರೆಯುವುದು.

"ರೀ, ಜಾಸ್ತಿ ಮಾತಾಡ್ಬೇಡಿ. ಇಲ್ಲ ಅಂದ್ಬಿಡಿ, ಸಾಕು," ಎಂದು ಪಾಠ ಹೇಳಿಕೊಟ್ಟೆ.

"ಇಲ್ದೇ ಇರೋದನ್ನ ಇಲ್ಲ ಅನ್ನೋಕೂ ತಾಲೀಮಾ?" ಅಂದರು. ಆದರೂ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಷರಟು ಹಾಕಿಕೊಂಡು ಕೂತರು.

ಗಡಿಬಿಡಿ ಬಂದಾಗ ಮಗಳು ಅದೇ ಮೇಜಿನ ತುದಿಯಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಒಳಗೆ ಹೋಗೇ ಅಂದೆ. "ಇಲ್ಲೇ ಬೆಳಕಿರೋದು," ಅಂದಳು.

"ಭಾವ, ಹೋದ ವಾರ ದುಡ್ಡಿಗೆ ಅಂತ ಒಂದು ಗಂಟೆಯಾದ್ರೂ ಕೆಲಸ ಮಾಡಿದ್ರಾ?"

ಮಗಳ ಪೆನ್ಸಿಲ್ ನಿಂತಿತು. ಇವರು ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದರು.

"ಮಾಡ್ದೆ. ಮೇಲಿನ ಮನೆಯವ್ರ ವಾಷಿಂಗ್ ಮಷೀನ್ ಸರಿ ಮಾಡ್ಕೊಟ್ಟೆ."

"ದುಡ್ಡು ಕೊಟ್ರಾ?"

ಇವರು ಷರಟಿನ ಗುಂಡಿ ತಿರುವತೊಡಗಿದರು. ಇವರು ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ಅದಕ್ಕೆ ನಾನೇ ಎರಡು ದಿನ ಗೊಣಗಿದ್ದೆ. ಗಡಿಬಿಡಿ ಪೆನ್ನು ಹಿಡಿದು ನನ್ನ ಕಡೆ ತಿರುಗಿದಳು. ಒಂದು 'ಇಲ್ಲ' ಸಾಕಿತ್ತು, ನನ್ನ ಗುತ್ತಿಗೆಗೆ ಒಂದು ತಲೆ ಜಮಾ. ಮಗಳೂ ನನ್ನನ್ನೇ ನೋಡುತ್ತಿದ್ದಳು.

"ಕೊಟ್ರು ಕಣೆ. ನನ್ನ ಕೈಗೇ ಕೊಟ್ರು."

"ಒಂದು ಗಂಟೆ ಆಯ್ತಾ?"

"ಮಧ್ಯಾಹ್ನವೆಲ್ಲಾ ಆಯ್ತು. ಜೋಡಿಸಿದ ಮೇಲೆ ನಾಲ್ಕು ಸ್ಕ್ರೂ ಉಳ್ಕೊಂಡ್ವು, ಮತ್ತೆ ಬಿಚ್ಚಿದ್ರು."

ಮಗಳು ಕಿಸಕ್ಕನೆ ನಕ್ಕಳು. "ನಾಲ್ಕಲ್ಲ, ಎರಡು," ಅಂದರು ಇವರು, ಕಸುಬಿನ ಮಾನ ಕಾಯುತ್ತಾ.

ಗಡಿಬಿಡಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಪಿಸುಗುಟ್ಟಿದಳು: "ಅಕ್ಕಾ, ನೀವೇ ಹಿಂಗಂದ್ರೆ ನಮ್ಮಿಬ್ರ ಕೆಲಸದ ಗತಿ?"

"ಹೋದ್ರೆ ಎಣಿಸೋಕಾದ್ರೂ ಇಬ್ರು ಸಿಕ್ತಾರೆ ಬಿಡು," ಅಂದೆ. ಧೈರ್ಯವೇನಲ್ಲ, ಬಾಯಿಚಪಲ.

ಒಳಗೆ ಬಂದರೆ ಇವರು ಸ್ಟೂಲ್ ಹತ್ತಿ ಅಟ್ಟದಿಂದ ಸಲಕರಣೆ ಡಬ್ಬಿ ಇಳಿಸುತ್ತಿದ್ದರು.

"ಎಲ್ಲಿಗ್ರೀ?"

"ಮೇಲಕ್ಕೆ. ದುಡ್ಡು ಕೇಳ್ಬೇಕು. ಮಗು ಎದುರಿಗೆ ಕೊಟ್ರು ಅಂದ್ಬಿಟ್ಟಿದ್ದೀಯಲ್ಲ."

"ಅದಕ್ಕೆ ಡಬ್ಬಿ ಯಾಕೆ?"

"ಬರೀ ಕೈಲಿ ಹೋದ್ರೆ ಸಾಲ ಕೇಳೋಕೆ ಬಂದ ಅಂದ್ಕೋತಾರೆ."

ಮೆಟ್ಟಿಲ ಬುಡದಲ್ಲಿ ನಿಂತು ಕಿವಿಗೊಟ್ಟೆ. ಮೇಲೆ ಬಾಗಿಲು ತೆರೆದ ಸದ್ದು. ಇವರು ಗಂಟಲು ಸರಿಮಾಡಿಕೊಂಡರು. ಮಷೀನ್ ಹೇಗೆ ಓಡ್ತಿದೆ ಅಂದರು. ನೀರಿನ ವಿಷಯ, ಕರೆಂಟಿನ ವಿಷಯ ಎಲ್ಲ ಮಾತಾಡಿದರು. "ಕೇಳ್ರೀ, ಕೇಳಿ," ಎಂದು ನಾನು ಕೆಳಗೆ ಗೋಡೆಗೆ ಹೇಳುತ್ತಿದ್ದೆ. ಕೊನೆಗೆ, "ಮೊನ್ನೆ ಮಾಡಿಕೊಟ್ಟಿದ್ದಕ್ಕೆ..." ಎಂಬ ದನಿ ಕೇಳಿಸಿತು.

ಮಗಳು ಬಂದು ನನ್ನ ಬೆನ್ನಿಗೆ ಒರಗಿ ನಿಂತಳು. "ಅಮ್ಮ, ಅಪ್ಪ ಮೇಲೆ ಏನ್ಮಾಡ್ತಿದ್ದಾರೆ?"

"ಕೆಲಸ ಮಾಡ್ತಿದ್ದಾರೆ, ಸುಮ್ನಿರು," ಅಂದೆ.