ನಾಲ್ಕು ಹೆಸರು, ಒಂದೇ ಬೆರಳು

೧೯೮೪ರಲ್ಲಿ ನಾನು ತಂಬೂರು ಎಂಬ ಊರಿನ ಮಲೇರಿಯಾ ಕೆಲಸಗಾರ. ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಸ್ಲೈಡಿಗೆ ಒಂದು ಹನಿ ರಕ್ತ ಸವರಿ ಕಲಘಟಗಿಗೆ ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ಜ್ವರವಿಲ್ಲದವರನ್ನು ಚುಚ್ಚು ಎಂದು ಯಾರೂ ಹೇಳಿರಲಿಲ್ಲ. ತಿಂಗಳಿಗೆ ಇಷ್ಟು ಸ್ಲೈಡು ಬೇಕೇಬೇಕು ಎಂದು ಮಾತ್ರ ಹೇಳಿದ್ದರು.

ಆ ಮಾರ್ಚಿನಲ್ಲಿ ಊರಿಗೆ ಊರೇ ಗಟ್ಟಿಮುಟ್ಟಾಗಿತ್ತು. ನಾಲ್ಕು ಸ್ಲೈಡು ಕಡಿಮೆ ಬಿದ್ದವು. ನನ್ನ ಉಂಗುರ ಬೆರಳನ್ನೇ ಚುಚ್ಚಿಕೊಂಡೆ. ಕುಸ್ತಿಯ ಉಡಚಪ್ಪನೂ ಸೇರಿ ಊರಿನ ನಾಲ್ವರ ಹೆಸರು ಬರೆದು ಕಳಿಸಿದೆ. ಮೈಗಳ್ಳನಿಗೆ ನೂರೆಂಟು ದಾರಿ.

ನಾಲ್ಕಕ್ಕೆ ನಾಲ್ಕೂ ಮಲೇರಿಯಾ ಎಂದು ವರದಿ ಬಂತು. ಜೊತೆಗೆ ನಾಲ್ವರಿಗೂ ಮಾತ್ರೆ, ಸೋಮವಾರ ಕಲಘಟಗಿಯ ಡಾಕ್ಟರ್ ಸಾಹೇಬರೇ ರೋಗಿಗಳನ್ನು ನೋಡಲು ಬರುತ್ತಾರೆಂಬ ಚೀಟಿ.

ಒಂದಾಗಿದ್ದರೆ ಪರೀಕ್ಷೆ ಮಾಡಿದವನನ್ನು ಬೈಯಬಹುದಿತ್ತು. ನಾಲ್ಕೂ ತಪ್ಪುತ್ತವೆಯೇ? ಹಣೆ ಮುಟ್ಟಿಕೊಂಡೆ, ತಣ್ಣಗಿತ್ತು. ಎರಡು ವರ್ಷದಿಂದ ನನಗೆ ನೆಗಡಿ ಕೂಡ ಬಂದಿರಲಿಲ್ಲ. ಜ್ವರ ಬಾರದ ಮೈಯಲ್ಲೂ ಮಲೇರಿಯಾ ಸುಮ್ಮನೆ ಕೂತಿರಬಹುದು, ಸೊಳ್ಳೆ ಅದನ್ನು ಪಕ್ಕದವರಿಗೆ ಒಯ್ಯಬಹುದು ಎಂದು ತರಬೇತಿಯಲ್ಲಿ ಹೇಳಿದ್ದರು. ಅರ್ಧ ಕೇಳಿ ತೂಕಡಿಸಿದ್ದೆ.

ನನ್ನ ಪಕ್ಕ ಮಲಗುವವಳು ಹೆಂಡತಿ ಫಕೀರವ್ವ. ಹೋದ ವರ್ಷ ಅವಳಿಗೆ ಮಲೇರಿಯಾ ಬಂದು ನಾಲ್ಕು ತಿಂಗಳ ಬಸಿರು ಹೋಗಿತ್ತು. ಅದಕ್ಕೆ ಮೊದಲು ಅವಳ ತಾಯಿ ದುರಗವ್ವ ಅಣ್ಣಿಗೇರಿಯಿಂದ ಬಂದು ಇದ್ದು ಹೋಗಿದ್ದಳು. ಜ್ವರ ತಂದವಳು ಅವಳೇ ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದೆ, ಇನ್ನು ನಮ್ಮ ಹೊಸ್ತಿಲು ತುಳಿಯಬೇಡ ಎಂದಿದ್ದೆ. ಮಲೇರಿಯಾ ಕೆಲಸಗಾರನೇ ಹೇಳಿದ ಮೇಲೆ ನಂಬದವರು ಯಾರು? ದುರಗವ್ವನೂ ನಂಬಿದಳು. ಕೂಸನ್ನು ತಾನೇ ತಿಂದೆನೆಂದು ಬಾಯಿ ಬಡಿದುಕೊಂಡಳು. ಈಗ ಫಕೀರವ್ವ ಮತ್ತೆ ಐದು ತಿಂಗಳ ಬಸುರಿ. ಮಗಳ ಸೀಮಂತದ ಕುಬಸಕ್ಕೂ ತಾಯಿಗೆ ಕರೆಯಿರಲಿಲ್ಲ.

ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ. ಮಾತ್ರೆ ಕಿಸೆಯಲ್ಲೇ ಇದ್ದವು. ಗುಟ್ಟಾಗಿ ನುಂಗಿದರೆ ನೌಕರಿ ಉಳಿಯುತ್ತಿತ್ತು. ಸೋಮವಾರ ಒಂದಿನ ಕಂಬಳಿ ಹೊದ್ದು ಮಲಗೆಂದರೆ ಉಡಚಪ್ಪನೂ ಮಲಗಿಯಾನು. ಆದರೆ ದುರಗವ್ವ ಸಾಯುವವರೆಗೂ ಕೂಸು ತಿಂದವಳಾಗಿಯೇ ಉಳಿಯುತ್ತಿದ್ದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ರೊಟ್ಟಿ ಬಡಿಯುತ್ತಿದ್ದ ಫಕೀರವ್ವ, ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಯಾಕೆ ತಿರುಗುತ್ತೀರೆಂದು ಕೇಳಿದಳು. ಎಲ್ಲ ಹೇಳಿಬಿಟ್ಟೆ, ಬೆರಳನ್ನೂ ತೋರಿಸಿದೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

"ಅವತ್ತ ಓಣಿಗೆಲ್ಲ ಕೇಳೂಹಂಗ ಅಂದಿದ್ರಿ," ಎಂದಳು. "ಈಗ ಅಣ್ಣಿಗೇರಿಗೆ ಹೋಗಿ, ನಮ್ಮವ್ವನ ಮುಂದ ಹಂಗ ಹೇಳ್ರಿ."

ಮೊದಲು ಕಲಘಟಗಿಗೆ ಹೋಗಿ ಸಾಹೇಬರ ಮುಂದೆ ಒಪ್ಪಿಕೊಂಡೆ. ಅವರು ಬಾಯಿಗೆ ಬಂದಂತೆ ಬೈದರು, ನೌಕರಿಯ ಮಾತು ಆಮೇಲೆ ಎಂದರು, ನನ್ನ ಹೆಸರಿನಲ್ಲೇ ಮಾತ್ರೆ ಕೊಟ್ಟರು. ಅದು ಸುಲಭದ ಕೆಲಸವಾಗಿತ್ತು.

ಅಣ್ಣಿಗೇರಿಯಲ್ಲಿ ದುರಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡವಳೇ ಮೊರ ಬಿಟ್ಟು ಬಾಗಿಲೊಳಗೆ ಸರಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಲ್ಲೇ ದೂರ ನಿಂದರ್ರಿ," ಎಂದಳು. "ನನ್ನ ಗಾಳಿ ನಿಮಗ ತಾಗಿ, ಮತ್ತ ಆಕಿಗೆ ಜ್ವರ ಬಂದೀತು."